ರಕ್ತಕಣ ಎಣಿಸೋ ಮಷಿನ್ (ಸೆಲ್ ಕೌಂಟರ್) ಕೆಟ್ಟು ನಿಂತಿದೆ, ತಿಂಗಳ ಕೊನೆಯೊಳಗೆ ಕೈಜೋಡಿಸಿ

ಎಲ್ರಿಗೂ ನಮಸ್ಕಾರ. ನಮ್ಮ ಟ್ರಸ್ಟಿನ ಲ್ಯಾಬ್ ಬಗ್ಗೆ ನಿಮಗೆ ಹೊಸದಾಗಿ ಹೇಳ್ಬೇಕಾಗಿಲ್ಲ, ಒಂದೇ ಒಂದು ಮೈಕ್ರೋಸ್ಕೋಪ್ ಇಟ್ಕೊಂಡು ಶುರು ಮಾಡಿದ ದಿನದಿಂದ ಜೊತೆಗಿದ್ದೀರಿ. ಹೋದ ವಾರ ಸೆಲ್ ಕೌಂಟರ್ ಇದ್ದಕ್ಕಿದ್ದಂಗೆ ನಿಂತೋಯ್ತು. ರಿಪೇರಿಗೆ ಬಂದೋರು ಬೋರ್ಡೇ ಹೋಗಿದೆ, ಈ ಮಾಡೆಲ್‌ಗೆ ಪಾರ್ಟ್ಸ್ ಬರೋದು ನಿಂತಿದೆ ಅಂದ್ಬಿಟ್ರು. ಹೊಸದಕ್ಕೆ ಕೊಟೇಶನ್ ತರ್ಸಿದ್ದೀವಿ, ಆ ರೇಟು ಈ ತಿಂಗಳ ಕೊನೆವರೆಗೆ ಮಾತ್ರ.

ಬೊಜ್ಜಿರೋ ರೋಗಿಗಳ ರಕ್ತದ ಮೇಲೆ ನಾವ್ಯಾಕೆ ಇಷ್ಟು ಗಮನ ಕೊಡ್ತೀವಿ ಅಂತ ಹೊಸಬರು ಕೇಳ್ತಾರೆ. 2020ರಲ್ಲಿ ಕೊರೊನಾ ದಪ್ಪ ಮೈಯವರನ್ನ ಜೋರಾಗಿ ಹೊಡೆದದ್ದು ಎಲ್ರೂ ನೋಡಿದ್ದೇ, ಆಗ ಮಾತೆಲ್ಲ ಶ್ವಾಸಕೋಶದ ಬಗ್ಗೆ, ಆಕ್ಸಿಜನ್ ಹೊತ್ಕೊಂಡು ಹೋಗೋ ಕೆಂಪು ರಕ್ತಕಣದ ಗತಿ ಏನಾಗಿದೆ ಅಂತ ಕೇಳೋರು ಕಮ್ಮಿ ಇದ್ರು. ಆ ಎರಡು ವರ್ಷ ಒಂದು ದಿನಾನೂ ನಮ್ಮ ಲ್ಯಾಬ್ ಬಾಗಿಲು ಹಾಕ್ಲಿಲ್ಲ, ಅದು ನಮ್ಮ ಹುಡುಗರು ಹುಡುಗೀರ ಹೆಮ್ಮೆ.

ಈ ಕೆಂಪು ಕಣ ಏಳೆಂಟು ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲದ ಒಂದು ಬಿಲ್ಲೆ. ತನಗಿಂತ ಸಣ್ಣ ನಾಳದೊಳಗೆ ಮೈ ಮಡಚ್ಕೊಂಡು ನುಸುಳ್ಬೇಕು, ಅದೂ ಹೆಚ್ಚು ಕಮ್ಮಿ 120 ದಿನ. ಬೊಜ್ಜು ಇದ್ದಾಗ ಮೈಯೊಳಗೆ ಸಣ್ಣ ಉರಿಯೂತ ಸದಾ ಇರುತ್ತೆ, ರಕ್ತದಲ್ಲಿ ಫೈಬ್ರಿನೋಜೆನ್ ಅನ್ನೋ ಹೆಪ್ಪುಗಟ್ಟಿಸೋ ಪ್ರೋಟೀನ್ ಏರಿ ಕಣಗಳು ಒಂದಕ್ಕೊಂದು ಅಂಟ್ಕೋತವೆ, ಬಾಗೋ ಗುಣ ಕಮ್ಮಿ ಆಗುತ್ತೆ, ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಜಾಸ್ತಿ ಬಿಟ್ಟು ಮೈಯಲ್ಲಿರೋ ಕಬ್ಬಿಣಕ್ಕೆ ಬೀಗ ಹಾಕ್ದಂಗೆ ಮಾಡುತ್ತೆ. ಇದರ ಮೇಲೆ ವೈರಸ್ ಬಂತು ಅಂದ್ರೆ ಉರಿಯೋ ಒಲೆಗೆ ಇನ್ನಷ್ಟು ಸೌದೆ. ಕೋವಿಡ್ ರೋಗಿಗಳಲ್ಲಿ ಕಣದ ಪೊರೆಯ ಪ್ರೋಟೀನ್‌ಗಳೇ ಹಾಳಾಗಿದ್ದನ್ನ ಸಂಶೋಧಕರು ಆಗ್ಲೇ ತೋರ್ಸಿದ್ದಾರೆ. ಕಣಗಳು ಒಂದು ದೊಡ್ಡದು ಒಂದು ಚಿಕ್ಕದು ಆದಾಗ ಆರ್‌ಡಿಡಬ್ಲ್ಯೂ ಅನ್ನೋ ಲೆಕ್ಕ ಏರುತ್ತೆ, ಮಾಮೂಲಾಗಿ ಅದು ಶೇಕಡಾ 11.5ರಿಂದ 14.5ರ ಆಸುಪಾಸು. ಆಸ್ಪತ್ರೆ ಸೇರುವಾಗಲೇ ಅದು ಜಾಸ್ತಿ ಇದ್ದ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚು ಅಂತ 2020ರಲ್ಲೇ ಕಂಡಿತ್ತು. ಅದೊಂದನ್ನೇ ನಂಬ್ಕೊಂಡು ಏನೂ ಹೇಳೋಕಾಗಲ್ಲ, ಆದ್ರೂ ಯಾರನ್ನ ಹೆಚ್ಚು ಹುಷಾರಾಗಿ ನೋಡ್ಕೋಬೇಕು ಅಂತ ಡಾಕ್ಟ್ರಿಗೆ ಒಂದು ಸುಳಿವು ಸಿಗುತ್ತೆ. ಬೇರೆ ಟೆಸ್ಟೂ ಬೇಡ, ರಕ್ತಕಣ ಎಣಿಸೋ ಮಾಮೂಲಿ ಸಿಬಿಸಿ ಟೆಸ್ಟಿನ ರಿಪೋರ್ಟಲ್ಲೇ ಬರೋ ನಂಬರ್ ಅದು.

ಮೊನ್ನೆ ಜ್ವರದಲ್ಲಿ ದಪ್ಪ ಮೈಯವರೊಬ್ರು ಬಂದಿದ್ರು. ಬಿಪಿ ನೋಡೋ ಪಟ್ಟಿ (ಕಫ್) ತೋಳಿಗೆ ಸುತ್ತೋಕಾಗ್ಲಿಲ್ಲ, ನಾಲ್ಕು ಸಲ ಚುಚ್ಚಿದ್ಮೇಲೆ ನರ ಸಿಕ್ತು. ಅಷ್ಟು ನೋವಲ್ಲೂ ಅವರೇ "ನನ್ನಿಂದ ನಿಮಗೆ ತೊಂದ್ರೆ ಆಯ್ತಲ್ಲ" ಅಂದ್ರು. "ನಿಮ್ದೇನೂ ತಪ್ಪಿಲ್ಲ ಅಕ್ಕ" ಅಂದ ನಮ್ಮ ಟೆಕ್ನಿಶಿಯನ್ ಹುಡುಗಿ ಆಮೇಲೆ ಒಳಗೆ ಬಂದು ಕಣ್ಣೊರಸ್ಕೊಂಡ್ಳು. ಎಲ್ಲೆಲ್ಲೂ ಮಾತು ಕೇಳಿ ಕೇಳಿ ಆಸ್ಪತ್ರೆಗೆ ಬರೋಕೇ ಹಿಂಜರಿಯೋ ಜನ ಇವರು, ನಮ್ಮ ಹತ್ರ ಬಂದಾಗ ಮಷಿನ್ ಇಲ್ಲ ಅಂತ ವಾಪಸ್ ಕಳ್ಸೋದು ಹೇಗೆ ಹೇಳಿ?

ಅವರ ರಕ್ತವನ್ನ ಸ್ಲೈಡ್ ಮೇಲೆ ಎಳೆದು, ಲೀಶ್ಮನ್ ಬಣ್ಣ ಹಾಕಿ ನೋಡಿದ್ವಿ. ಕೆಂಪು ಕಣಗಳು ನಾಣ್ಯ ಪೇರಿಸಿಟ್ಟ ಹಾಗೆ ಸಾಲುಸಾಲು. ಅಷ್ಟು ಕಣ್ಣಿಗೆ ಕಾಣುತ್ತೆ, ಆದ್ರೆ ಸಾವಿರಾರು ಕಣಗಳ ಗಾತ್ರ ಅಳೆದು ಆರ್‌ಡಿಡಬ್ಲ್ಯೂ ಕೊಡೋದು ಕಣ್ಣಿಂದ ಆಗಲ್ಲ.

ಮಷಿನ್ ದುಡ್ಡಲ್ಲಿ ಸುಮಾರು ಮೂರನೇ ಒಂದು ಭಾಗ ನಾವು ಟ್ರಸ್ಟಿಗಳೇ ಹಾಕ್ಕೊಂಡಿದ್ದೀವಿ. ಉಳಿದದ್ದು, ಜೊತೆಗೆ ಒಂದು ವರ್ಷಕ್ಕಾಗೋ ರೀಏಜೆಂಟು (ಟೆಸ್ಟಿಗೆ ಬೇಕಾದ ರಾಸಾಯನಿಕ), ದೊಡ್ಡ ಅಳತೆಯ ಬಿಪಿ ಕಫ್ ಎರಡು, ಇಷ್ಟು ನಿಮ್ಮಿಂದ ಆಗ್ಬೇಕು. ಎಷ್ಟೇ ಆಗ್ಲಿ, ಕೊಟ್ಟ ದಿನಾನೇ ರಸೀದಿ ಕೊಡ್ತೀವಿ. ಶನಿವಾರ ಬಿಡುವಿದ್ರೆ ಲ್ಯಾಬಿಗೇ ಬನ್ನಿ, ಆ ಸ್ಲೈಡ್ ಎತ್ತಿಟ್ಟಿದ್ದೀವಿ, ನೀವೇ ಕಣ್ಣಿಟ್ಟು ನೋಡ್ಬಹುದು.