ಕ್ಯಾಂಪ್ಕೋ ಚಾಕೊಲೇಟು ಎಲ್ಲಿ ಗೆಲ್ಲಬಲ್ಲದು?

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ನಾಲ್ಕು ಮಂದಿ ಅಡಿಕೆ ಬೆಳೆಗಾರರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ಪುತ್ತೂರಿನಲ್ಲಿ ಇಷ್ಟು ದೊಡ್ಡ ಚಾಕೊಲೇಟು ಕಾರ್ಖಾನೆ ಇದ್ದೂ, ಅಡಿಕೆ ಮತ್ತು ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ ಏಕೆ ಬಹುರಾಷ್ಟ್ರೀಯ ಕಂಪನಿಗಳ ಸಾಲಿಗೆ ಏರಲಿಲ್ಲ, ಒಬ್ಬ ಸಿನಿಮಾ ನಟನನ್ನು ಕರೆತಂದು ಟಿ.ವಿ.ಯಲ್ಲಿ ಜಾಹೀರಾತು ಕೊಟ್ಟರೆ ಆಗದೇ ಎಂಬುದು ಆ ಮಾತು. ಅಡಿಕೆಯ ನಡುವೆ ಬಹಳ ವರ್ಷಗಳಿಂದ ಕೋಕೋ ಬೆಳೆಯುತ್ತಿರುವ ನನಗೆ ಈ ಸಲಹೆಯನ್ನು ಕೇಳಿದಾಗಲೆಲ್ಲ, ಗೊನೆಗೆ ಬಂದ ಕೊಳೆರೋಗಕ್ಕೆ ಮರದ ಬುಡಕ್ಕೆ ಮದ್ದು ಬಿಟ್ಟ ಹಾಗೆ ಅನ್ನಿಸುತ್ತದೆ.

ಈ ಸಂಸ್ಥೆ ಮಾರಲು ಹುಟ್ಟಿದ್ದಲ್ಲ, ಕೊಳ್ಳಲು ಹುಟ್ಟಿದ್ದು. 1970ರ ದಶಕದ ಆರಂಭದಲ್ಲಿ ಅಡಿಕೆ ದರ ನೆಲಕಚ್ಚಿ, ವ್ಯಾಪಾರಿ ಹೇಳಿದ ರೇಟಿಗೆ ಬೆಳೆಗಾರ ತಲೆಯಾಡಿಸಿ ಬರಬೇಕಾಗಿದ್ದ ಕಾಲದಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಆರಂಭವಾಯಿತು. ಕೋಕೋ ಬಂದದ್ದು ಆಮೇಲೆ. ಅಡಿಕೆಯ ನೆರಳಿನಲ್ಲಿ ಕೋಕೋ ಹಾಕಿ ಎಂದು ಹುರಿದುಂಬಿಸಿದ್ದ ಖಾಸಗಿ ಖರೀದಿದಾರರು 1980ರ ಹೊತ್ತಿಗೆ ಹಿಂದೆ ಸರಿದಾಗ ಕಾಯಿ ಮರದಲ್ಲೇ ಕಪ್ಪಾಗತೊಡಗಿತು, ಬೇಸತ್ತು ಗಿಡ ಕಡಿದವರೂ ಇದ್ದರು. ಆಗ ಕೊಳ್ಳಲು ಮುಂದೆ ಬಂದದ್ದು ಕ್ಯಾಂಪ್ಕೋ. ಕೊಂಡ ರಾಶಿಯನ್ನು ಎಲ್ಲಿಗೆ ಸಾಗಿಸುವುದು ಎಂಬ ಪ್ರಶ್ನೆಗೆ ಉತ್ತರವಾಗಿಯೇ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಎದ್ದಿತು. ಚಾಕೊಲೇಟು ಮಾಡಬೇಕೆಂದು ಕೋಕೋ ಕೊಂಡದ್ದಲ್ಲ, ಕೊಂಡ ಕೋಕೋಗೆ ಒಂದು ಗತಿ ಕಾಣಿಸಲು ಚಾಕೊಲೇಟು ಮಾಡಿದ್ದು. ಜಾಹೀರಾತಿನ ಸಲಹೆ ಕೊಡುವವರು ಮರೆಯುವುದು ಇದನ್ನೇ.

ಒಂದು ಸಂಸ್ಥೆಯ ನಿಜವಾದ ಬಲ ಯಾವುದೆಂದು ತಿಳಿಯಬೇಕಾದರೆ, ಪ್ರತಿಸ್ಪರ್ಧಿ ಕೈತುಂಬ ಹಣ ಹಿಡಿದು ಬಂದರೂ ಯಾವುದನ್ನು ಕೂಡಲೇ ಕಟ್ಟಿಕೊಳ್ಳಲಾರ ಎಂದು ಕೇಳಿಕೊಳ್ಳಬೇಕು. ಪುತ್ತೂರು, ವಿಟ್ಲ, ಸುಳ್ಯದ ಯಾವುದೇ ಖಾಸಗಿ ಅಂಗಡಿಗೆ ಚಾಲಿ ಅಡಿಕೆಯ, ಅಂದರೆ ಬಿಸಿಲಿನಲ್ಲಿ ಒಣಗಿಸಿ ಸುಲಿದ ಅಡಿಕೆಯ, ಗೋಣಿ ಇಳಿಸಿ ನೋಡಿ. ವ್ಯಾಪಾರಿ ಮುಷ್ಟಿ ತುಂಬ ಅಡಿಕೆ ತೆಗೆದು, ಎರಡನ್ನು ಕತ್ತರಿಸಿ ಒಳಗಿನ ಬಿಳುಪು ನೋಡುತ್ತಾನೆ, ಆಮೇಲೆ ರೇಟು ಹೇಳುತ್ತಾನೆ. ಆದರೆ ಅವನು ಬಾಯಿ ಬಿಡುವ ಮೊದಲೇ, ಕ್ಯಾಂಪ್ಕೋದಲ್ಲಿ ಇವತ್ತು ಹೊಸದಕ್ಕೆ ಎಷ್ಟು, ಹಳತಕ್ಕೆ ಎಷ್ಟು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅಲ್ಲಿಗೆ ಒಂದು ಕೆ.ಜಿ. ಕೊಡದವನಿಗೂ ಆ ದರದ ರಕ್ಷಣೆ ಸಿಗುತ್ತದೆ. ಐದು ದಶಕಗಳ ಖರೀದಿ ಕೇಂದ್ರಗಳು, ಸದಸ್ಯರ ನಂಬಿಕೆ, ದರ ಬಿದ್ದ ದಿನವೂ ಬಾಗಿಲು ತೆರೆದಿಡುವ ಅಭ್ಯಾಸ, ಇವೆಲ್ಲ ಸೇರಿ ಕಟ್ಟಿದ ಬಲ ಇದು. ಐದು ರೂಪಾಯಿ ಹೆಚ್ಚು ಕೊಟ್ಟವನ ಲಾರಿಗೆ ಮಾಲು ಹತ್ತಿಸಿ, ಸರ್ವಸದಸ್ಯರ ಸಭೆಯಲ್ಲಿ ಸಂಸ್ಥೆಯನ್ನು ಬೈಯುವ ನಮ್ಮಂಥವರಿಗೆ ಇದು ಹೊಳೆಯುವುದಿಲ್ಲ ಅಷ್ಟೆ.

ಇನ್ನು ಅಂಗಡಿಯ ಕೌಂಟರಿಗೆ ಬರೋಣ. ಪೇಟೆಯ ಬೇಕರಿಯಲ್ಲಿ ಗಾಜಿನ ಬಾಗಿಲಿನ ನೇರಳೆ ಬಣ್ಣದ ತಂಪುಪೆಟ್ಟಿಗೆ ಇರುತ್ತದಲ್ಲ, ಅದನ್ನು ಅಂಗಡಿಯವನು ಕೊಂಡದ್ದಲ್ಲ, ದೊಡ್ಡ ಚಾಕೊಲೇಟು ಕಂಪನಿ ಕೊಟ್ಟದ್ದು. ಮೂವತ್ತನಾಲ್ಕು ಡಿಗ್ರಿಯ ಸೆಕೆಗೆ ಕರಗಿಹೋಗುವ ಪದಾರ್ಥವನ್ನು ಮಾರುವ ವ್ಯಾಪಾರದಲ್ಲಿ ಆ ಪೆಟ್ಟಿಗೆಯೇ ಕೋಟೆ. ಇದೇ ಬಗೆಯ ಕೋಟೆಯನ್ನು ದೇಶದುದ್ದಕ್ಕೂ ಕಟ್ಟಲು ಕ್ಯಾಂಪ್ಕೋ ಹೊರಟರೆ ಅದರ ಖರ್ಚು ಬರುವುದು ಎಲ್ಲಿಂದ? ಬೆಳೆಗಾರನಿಗೆ ಕೊಡುವ ದರದಿಂದ. ದೊಡ್ಡ ಕಂಪನಿಗೆ ಜಾಹೀರಾತು ಎಂದರೆ ನೂರಾರು ಕೋಟಿ ಪೊಟ್ಟಣಗಳ ಮೇಲೆ ಹಂಚಿಹೋಗುವ ಪೈಸೆ. ಸಹಕಾರಿ ಸಂಸ್ಥೆಗೆ ಅದು ಸದಸ್ಯನ ತಕ್ಕಡಿಯಿಂದ ತೆಗೆದ ರೂಪಾಯಿ. ನೆಸ್ಲೆಯಂಥ ಕಂಪನಿಗೆ ಪುತ್ತೂರಿನ ಕಾರ್ಖಾನೆ ಮಾಲು ತಯಾರಿಸಿಕೊಟ್ಟದ್ದನ್ನು ಕೆಲವರು ಅವಮಾನವೆಂಬಂತೆ ಆಡಿಕೊಳ್ಳುತ್ತಾರೆ. ನನಗೆ ಅದು ಜಾಣತನವಾಗಿಯೇ ಕಂಡಿದೆ. ಯಂತ್ರ ಸುಮ್ಮನೆ ನಿಲ್ಲಲಿಲ್ಲ, ಖರೀದಿಯೂ ನಿಲ್ಲಲಿಲ್ಲ.

ಖರೀದಿಯ ಈ ಬಲದ ಬೆಲೆ ತಿಳಿದದ್ದು ಕಳೆದ ಎರಡು ಮೂರು ವರ್ಷಗಳ ಏರಿಳಿತದಲ್ಲಿ. ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿದಾಗ, ನಮ್ಮಲ್ಲಿ ಹಸಿ ಬೀಜಕ್ಕೆ ಕೆ.ಜಿ.ಗೆ 300 ರೂಪಾಯಿ ಆಸುಪಾಸಿನ ದರ ಬಂತು. ಮರುವರ್ಷ ದರ ಇಳಿಯಿತು. ಆಂಧ್ರದಲ್ಲಿ, ಕಂಪನಿಗಳನ್ನೇ ನಂಬಿದ್ದ ಏಲೂರು ಕಡೆಯ ಬೆಳೆಗಾರರು ಬೀದಿಗಿಳಿಯಬೇಕಾಯಿತು, ಕೊನೆಗೆ ಸರ್ಕಾರವೇ ಒಣ ಬೀಜಕ್ಕೆ ಕೆ.ಜಿ.ಗೆ 50 ರೂಪಾಯಿ ತನ್ನ ಕೈಯಿಂದ ಹಾಕಬೇಕಾಯಿತು. ನಮಗೂ ಪೆಟ್ಟು ಬಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಊರಿನಲ್ಲಿ ಒಡೆದ ಕಾಯಿಯ ಬೀಜವನ್ನು ಬಕೆಟಿನಲ್ಲಿ ಹಿಡಿದು ಯಾರಿಗೆ ಕೊಡಲಿ ಎಂದು ನಿಂತವರಿಲ್ಲ.

ಹಾಗಾದರೆ ಕ್ಯಾಂಪ್ಕೋ ಈಗಿರುವಂತೆಯೇ ಇದ್ದರೆ ಸಾಕೇ ಎಂದರೆ, ಸಾಲದು. ಬದಲಾವಣೆ ಆಗಬೇಕಾದದ್ದು ಖರೀದಿಯ ತುದಿಯಿಂದಲೇ. ಹಸಿ ಬೀಜವನ್ನು ಪೆಟ್ಟಿಗೆಯಲ್ಲಿ ಐದಾರು ದಿನ ಹುದುಗು ಬರಿಸಿ, ನಡುನಡುವೆ ಮಗುಚಿ ಒಣಗಿಸುವ ಹಂತದಲ್ಲೇ ಚಾಕೊಲೇಟಿನ ರುಚಿ ಬಹಳಷ್ಟು ತೀರ್ಮಾನವಾಗುತ್ತದೆ. ಆದರೆ ನಮ್ಮಲ್ಲಿ ಹಸಿ ಬೀಜದ ವ್ಯಾಪಾರ ಹೆಚ್ಚಾಗಿ ನಡೆಯುವುದು ತೂಕದ ಮೇಲೆ. ಹಾಗಿರುವಾಗ ಮಳೆ ಹಿಡಿದ ಜೂನ್‌ನಲ್ಲಿ ಕೊಳೆತ ಕಾಯಿಯ ಬೀಜವನ್ನೂ ಅಳಿಲು ಕೊರೆದದ್ದನ್ನೂ ಒಳ್ಳೆಯದರ ಜೊತೆ ಬೆರೆಸುವವರು ನಮ್ಮಲ್ಲೇ ಇದ್ದಾರೆ, ಒಂದೆರಡು ಸಲ ನಾನೂ ಬೆರೆಸಿದ್ದೇನೆ. ಗುಣಮಟ್ಟಕ್ಕೆ ಬೇರೆಯೇ ದರ ಕಟ್ಟಿ, ಆಯ್ದ ತೋಟಗಳ ಬೀಜವನ್ನು ಪ್ರತ್ಯೇಕವಾಗಿ ಹುದುಗಿಸಿ, ಊರಿನ ಹೆಸರಿನಲ್ಲೇ ಡಾರ್ಕ್ ಚಾಕೊಲೇಟು ಮಾಡಿದರೆ ಅದಕ್ಕೆ ಸಾಟಿ ನಿಲ್ಲುವುದು ದೊಡ್ಡ ಕಂಪನಿಗಳಿಗೆ ಸುಲಭವಲ್ಲ. ಎಲ್ಲಿಂದಲೋ ಬಂದ ಬೀಜವನ್ನು ಬೆರೆಸಿ ಎಲ್ಲ ಕಡೆಯೂ ಒಂದೇ ರುಚಿ ಕೊಡುವುದೇ ಅವುಗಳ ಕಸುಬು. ಮೈಸೂರಿನ ನವಿಲುನಾ ಎಂಬ ಸಣ್ಣ ಸಂಸ್ಥೆ ದಕ್ಷಿಣ ಭಾರತದ ಕೋಕೋವನ್ನೇ ಬಳಸಿ, ಬೀಜದಿಂದ ಬಾರ್‌ವರೆಗೆ ತಾನೇ ತಯಾರಿಸಿ ಮಾರುತ್ತಿದೆ, ಅದಕ್ಕೆ ಕೊಳ್ಳುವವರಿದ್ದಾರೆ. ಕ್ಯಾಂಪ್ಕೋಗೆ ತೋಟಗಳು ಕಾಲಬುಡದಲ್ಲೇ ಇವೆ, ಕೋಕೋ ತಳಿಗಳ ಮೇಲೆ ಕೆಲಸ ಮಾಡುವ ಸಿ.ಪಿ.ಸಿ.ಆರ್.ಐ. (ಕೇಂದ್ರ ಸರ್ಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ಪಕ್ಕದ ವಿಟ್ಲದಲ್ಲಿದೆ.

ಮುಂದಿನ ಹಂಗಾಮಿಗೆ ಒಂದೇ ಒಂದು ಖರೀದಿ ಕೇಂದ್ರದಲ್ಲಾದರೂ ಆಡಳಿತ ಮಂಡಳಿ ಎರಡು ದರದ ಬೋರ್ಡು ಹಾಕಿ ನೋಡಲಿ. ಬೀಜ ಬೇರ್ಪಡಿಸಿ ತರುವ ಕೆಲಸ ನಮ್ಮದು.

ಇತಿ,
ಒಬ್ಬ ಕೋಕೋ ಬೆಳೆಗಾರ, ಪುತ್ತೂರು ತಾಲ್ಲೂಕು