ಸೋತ ಪಕ್ಷದ ಅಧ್ಯಕ್ಷರನ್ನು ಕಾರ್ಯಕರ್ತರೇ ಆರಿಸಲಿ

ಮಾನ್ಯ ಸಂಪಾದಕರೇ,

ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಉಳಿದದ್ದು ಶಿಗ್ಗಾವಿ ಒಂದೇ. 2024ರ ನವೆಂಬರ್ ಉಪಚುನಾವಣೆಯಲ್ಲಿ ಅದೂ ಕೈತಪ್ಪಿತು. ಈ ಎರಡು ಸೋಲುಗಳ ನಡುವೆ ಪಕ್ಷಕ್ಕೆ ಹೊಸ ರಾಜ್ಯಾಧ್ಯಕ್ಷರು ಬಂದರು, ಆದರೆ ಫಲಿತಾಂಶ ಹೊರಬಿದ್ದು ಆರು ತಿಂಗಳಿಗೆ, 2023ರ ನವೆಂಬರ್ 10ರಂದು. ಹೆಸರು ದೆಹಲಿಯಿಂದಲೇ ಬಂತು. ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರನ್ನೂ ಪಕ್ಷ ಆರಿಸದೆ, ಜುಲೈನ ಬಜೆಟ್ ಅಧಿವೇಶನ ಅವರಿಲ್ಲದೆಯೇ ಮುಗಿದಿತ್ತು.

ಅಧ್ಯಕ್ಷರ ಆಯ್ಕೆಗೆ ಕಾರ್ಯಕರ್ತರ ಮತದಾನ ಇಟ್ಟರೆ ತಡವಾಗುತ್ತದೆ ಎಂಬ ಮಾತು ಒಪ್ಪುವಂಥದ್ದಲ್ಲ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ 2024ರ ಜುಲೈ 4ರಂದು ಸೋತು, ಸಂಸದರ ಮತದಾನದ ಸುತ್ತುಗಳಲ್ಲಿ ಇಬ್ಬರು ಅಭ್ಯರ್ಥಿಗಳನ್ನು ಉಳಿಸಿ, ಸದಸ್ಯರಿಂದ ಮತ ಹಾಕಿಸಿ, ನವೆಂಬರ್ 2ಕ್ಕೆ ನಾಯಕಿಯನ್ನು ಆರಿಸಿತು. ನಾಲ್ಕು ತಿಂಗಳೂ ಹಿಡಿಯಲಿಲ್ಲ.

2019ರ ಸೋಲಿನ ಬಳಿಕ ಕಾಂಗ್ರೆಸ್ಸಿಗೆ ಚುನಾಯಿತ ಅಧ್ಯಕ್ಷರು ಸಿಕ್ಕಿದ್ದು 2022ರ ಅಕ್ಟೋಬರಿನಲ್ಲಿ. ಬಹಳ ತಡ. ಆದರೂ ಆ ಚುನಾವಣೆಯನ್ನು ಎಲ್ಲ ಪಕ್ಷಗಳೂ ಓದಿಕೊಳ್ಳಬೇಕು. ಮತದ ಹಕ್ಕಿದ್ದ ಪಕ್ಷದ ಪ್ರತಿನಿಧಿಗಳಲ್ಲಿ ಹತ್ತು ಮಂದಿ ಸೂಚಿಸಿದರೆ ಸ್ಪರ್ಧಿಸಬಹುದಿತ್ತು. ಖರ್ಗೆಯವರಿಗೆ 7,897, ಶಶಿ ತರೂರರಿಗೆ 1,072 ಮತ. 416 ಮತ ತಿರಸ್ಕೃತ. ಬೇಕಾದ ಹೆಸರಿನ ಮುಂದೆ ‘1’ ಎಂದು ಬರೆಯಲು ಮೊದಲು ಹೇಳಿದ್ದರು. ಮತಪತ್ರದಲ್ಲಿ ಖರ್ಗೆಯವರ ಕ್ರಮಸಂಖ್ಯೆಯೇ 1 ಆಗಿದ್ದರಿಂದ ತರೂರ್ ಕಡೆಯವರು ತಕರಾರು ಎತ್ತಿದರು. ಅದನ್ನು ಟಿಕ್ ಗುರುತಿಗೆ ಬದಲಿಸಲಾಯಿತು. ಎಣಿಕೆಗೆ ಮುಂಚೆ ಎಲ್ಲ ರಾಜ್ಯಗಳ ಮತಪತ್ರಗಳನ್ನು ಬೆರೆಸಿದ್ದು ಬಹಳ ಸರಿಯಾದ ಕ್ರಮ. ಹಾನಗಲ್ಲು, ಬ್ಯಾಡಗಿಯಂಥ ತಾಲ್ಲೂಕುಗಳಲ್ಲಿ ಇದು ಇನ್ನೂ ಅಗತ್ಯ. ಪೆಟ್ಟಿಗೆ ಬೇರೆ ಬೇರೆ ಎಣಿಸಿದರೆ ಯಾವ ಊರಿನವರು ಯಾರಿಗೆ ಹಾಕಿದರೆಂದು ಸಂಜೆಯೊಳಗೆ ಗೊತ್ತಾಗಿ, ಮರುದಿನದಿಂದಲೇ ಬಣ ಶುರುವಾಗುತ್ತದೆ.

ಕಾಂಗ್ರೆಸ್ ಎಡವಿದ್ದು ಮತದಾರರ ಪಟ್ಟಿಯಲ್ಲಿ. ಅದನ್ನು ಸಾರ್ವಜನಿಕವಾಗಿ ಪ್ರಕಟಿಸಲಿಲ್ಲ. ಅಭ್ಯರ್ಥಿಗಳಿಗೆ ಕೊಟ್ಟ ಪಟ್ಟಿಯಲ್ಲೂ ಅನೇಕರ ಫೋನ್ ನಂಬರ್ ಇಲ್ಲವೆಂದು ತರೂರ್ ದೂರಿದರು. ಮತ ಹಾಕುವವರು ಯಾರೆಂದೇ ತಿಳಿಯದ ಅಭ್ಯರ್ಥಿ ಯಾರ ಮನೆ ಬಾಗಿಲಿಗೆ ಹೋಗಬೇಕು?

ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ತಾಲ್ಲೂಕಿನಲ್ಲಿ ಯಾರ ಬೆನ್ನಿಗೆ ಎಷ್ಟು ಜನ ಇದ್ದಾರೆಂದು ಅಳೆಯಲು ಪಕ್ಷಗಳಿಗೆ ಬೇರೆ ದಾರಿ ಉಳಿಯಲಿಲ್ಲ. ಹೀಗಾಗಿ ಬೆಂಗಳೂರು, ದೆಹಲಿಗೆ ಓಡಾಡುವವರ ಮಾತೇ ಕಾರ್ಯಕರ್ತರ ಮಾತಾಗಿ ಹೋಗುತ್ತಿದೆ. ಆದ್ದರಿಂದ ಆಂತರಿಕ ಚುನಾವಣೆ ಬೂತ್ ಸಮಿತಿಯಿಂದಲೇ ಆಗಲಿ, ಅಲ್ಲಿಂದ ಬ್ಲಾಕ್ ಅಥವಾ ಮಂಡಲ, ನಂತರ ಜಿಲ್ಲೆ, ಕೊನೆಗೆ ರಾಜ್ಯ. ಸದಸ್ಯರ ಪಟ್ಟಿಯನ್ನು ತಾಲ್ಲೂಕಿನ ಪಕ್ಷದ ಕಚೇರಿಯ ಗೋಡೆಗೆ ಹಚ್ಚಿ, ತಕರಾರಿಗೆ ಹದಿನೈದು ದಿನ ಕೊಡಬೇಕು. ಪಕ್ಷ ಸೋತ ಫಲಿತಾಂಶದ ನಂತರ ಸೇರಿದವರಿಗೆ ಆ ಸಲದ ಆಂತರಿಕ ಚುನಾವಣೆಯಲ್ಲಿ ಮತ ಬೇಡ. ಇಲ್ಲವಾದರೆ ದುಡ್ಡಿದ್ದವರು ರಾತ್ರೋರಾತ್ರಿ ಸದಸ್ಯತ್ವ ತುಂಬಿಸುತ್ತಾರೆ. ಪಟ್ಟಿ ಅಂತಿಮವಾಗುವವರೆಗೆ ಯಾವ ಪಕ್ಷವೂ ನಾಮಪತ್ರದ ದಿನಾಂಕ ಪ್ರಕಟಿಸಬಾರದು.

— ಓದುಗರೊಬ್ಬರು, ಹಾವೇರಿ