ಸೀನನಿಗೆ: ಡೆಡ್‌ನ ಯಾವ ಟೇಪು ಮೊದಲು?

ಸೀನಾ,

"ಗ್ರೇಟ್‌ಫುಲ್ ಡೆಡ್ ಎಲ್ಲಿಂದ ಶುರು ಮಾಡ್ಲಿ, ಒಂದೇ ಒಂದು ಹೇಳು" ಅಂತ ನೀನು ಮೆಸೇಜು ಹಾಕಿ ಹನ್ನೊಂದು ದಿನ ಆಯ್ತು. ಒಂದೇ ಒಂದಂತೆ! 1965ರಿಂದ 1995ರವರೆಗೆ ಹತ್ತಿರ ಹತ್ತಿರ 2,300 ಕಛೇರಿ ಕೊಟ್ಟ ಅಮೆರಿಕದ ರಾಕ್ ತಂಡ ಮಾರಾಯ. ದೋಸೆ ವಿಷಯದಲ್ಲೇ ನಾವಿಬ್ಬರೂ ಇನ್ನೂ ಒಂದು ಹೆಸರಿಗೆ ಒಪ್ಪಿಲ್ಲ. ಉತ್ತರವನ್ನು ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಿನಗೆ ಏನು ಹೇಳಿದರೂ ‘ಆಯ್ತು ಗುರುಗಳೇ’. ಇಲ್ಲಿ ಓದುವವರಲ್ಲಿ ನಾಲ್ಕು ಜನವಾದರೂ ತಪ್ಪು ಹಿಡಿಯುತ್ತಾರೆ.

1977ರ ಮೇ 8, ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್ ಕಛೇರಿಯ ಟೇಪು. ಎಲ್ಲರೂ ಹೇಳುವುದು ಇದನ್ನೇ, ಹಾಗಾಗಿ ಹೇಳಲು ನಾಚಿಕೆ, ಆದರೂ ಇದೇ. ಎರಡನೇ ಸೆಟ್‌ನಿಂದ, ಅಂದರೆ ವಿರಾಮದ ನಂತರದ ಭಾಗದಿಂದ ಹಿಡಿ. ‘ಸ್ಕಾರ್ಲೆಟ್ ಬಿಗೋನಿಯಾಸ್’ ನಿಲ್ಲದೆ ‘ಫೈರ್ ಆನ್ ದ ಮೌಂಟನ್’ಗೆ ಜಾರುವ ಸುಮಾರು 26 ನಿಮಿಷ. ‘ಫೈರ್’ಗೆ ಇರುವುದೇ ಎರಡು ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು). ಗಿಟಾರು ಬಿಟ್ಟು ಫಿಲ್ ಲೆಶ್‌ನ ಬಾಸ್ ಹಿಡಿದು ಹೋಗು, ಹೊಸ್ತಿಲು ಎಲ್ಲಿ ದಾಟಿದೆವು ಅಂತ ಗೊತ್ತಾಗುತ್ತದೆ.

ಇದು ಇಷ್ಟು ಸ್ವಚ್ಛ ಇರುವುದು ತಂಡದ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಬೆಟ್ಟಿ ಕ್ಯಾಂಟರ್ ಜಾಕ್ಸನ್ ಅವರಿಂದ. ಸಾಮಾನ್ಯ ಸೌಂಡ್‌ಬೋರ್ಡ್ ಟೇಪು ಅಂದರೆ ಸಭಾಂಗಣದ ಸ್ಪೀಕರಿಗೆ ಹೋಗುವ ಮಿಕ್ಸ್. ಸಣ್ಣ ಹಾಲಿನಲ್ಲಿ ಡ್ರಮ್ಮು, ಗಿಟಾರ್ ಆಂಪ್ಲಿಫೈಯರು ತಾವೇ ಕಿವಿ ತುಂಬುತ್ತವೆ, ಸ್ಪೀಕರಿಗೆ ಅವನ್ನು ಕೊಡುವ ಅಗತ್ಯ ಕಡಿಮೆ. ಹಾಗಾಗಿ ಟೇಪಿನಲ್ಲಿ ಗಂಟಲು ಮುಂದೆ, ಡ್ರಮ್ಮು ಪಕ್ಕದ ಮನೆಯಲ್ಲಿ. ಬೆಟ್ಟಿ ಟೇಪಿಗೆಂದೇ ಬೇರೆ ಮಿಕ್ಸ್ ಮಾಡುತ್ತಿದ್ದರು. ಆ ಟೇಪುಗಳನ್ನಿಟ್ಟ ಗೋದಾಮಿನ ಬಾಡಿಗೆ ಕಟ್ಟದೆ, 1986ರಲ್ಲಿ ಎಲ್ಲ ಹರಾಜಾಗಿ ಯಾರ್ಯಾರದೋ ಕೈಸೇರಿದವು. ಬಾರ್ಟನ್ ಹಾಲ್ ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಲೋಕ ಕೇಳಿದ್ದು ಪ್ರತಿಯ ಪ್ರತಿಯ ಪ್ರತಿ.

ಎರಡನೆಯದು ನಿನ್ನ ಮೃದಂಗದ ಕೈಗೆ: 1969ರ ‘ಲೈವ್/ಡೆಡ್’ ಆಲ್ಬಂ. ಅದರಲ್ಲಿ ‘ದಿ ಇಲೆವೆನ್’ ಹನ್ನೊಂದು ಎಣಿಕೆಯದು. ತಕಿಟ ತಕಿಟ ತಕಿಟ ತಕ ಅಂತ ತೊಡೆ ಮೇಲೆ ಹಾಕು, ಕೂರುತ್ತದೆ. ಡ್ರಮ್ಮರ್ ಮಿಕಿ ಹಾರ್ಟ್ ತಬಲಾದ ಅಲ್ಲಾ ರಖಾ ಅವರ ಬಳಿ ಪಾಠ ಕೇಳಿದವನು, ಆಮೇಲೆ ಜಾಕಿರ್ ಹುಸೇನ್ ಜೊತೆ ತಂಡವನ್ನೂ ಕಟ್ಟಿದ.

ಮೂರನೆಯದು 1972ರ ಆಗಸ್ಟ್ 27, ಒರೆಗಾನ್‌ನ ವೆನೀಟಾ. ಕಾದಂಬರಿಕಾರ ಕೆನ್ ಕೀಸಿಯ ತಮ್ಮನ ಡೇರಿ ಉಳಿಸಲು ನಡೆದ ಬಯಲು ಕಛೇರಿ. (ನಂದಿನಿ ಜೋಕು ಬೇಡ, ಗೊತ್ತು.) ಸುಡುಬಿಸಿಲಿಗೆ ತಂತಿಗಳು ಶ್ರುತಿಯಲ್ಲಿ ನಿಲ್ಲುತ್ತಿಲ್ಲ, ಹಾಡಿನ ನಡುವೆ ತಿರುಚಿ ತಿರುಚಿ ಸಾಕಾಗಿದ್ದಾರೆ. ಅಂಥದ್ದರಲ್ಲಿ ಅರ್ಧ ಗಂಟೆಯ ‘ಡಾರ್ಕ್ ಸ್ಟಾರ್’. ಶ್ರುತಿಶುದ್ಧಿ ಬೇಕೆನ್ನುವವರು ದೂರ ಇರಲಿ.

ಇನ್ನು ಈ ಟೇಪುಗಳ ಡೌನ್‌ಲೋಡು. ಸಿಕ್ಕಿದ್ದನ್ನೆಲ್ಲ ನಂಬಬೇಡ. ಫ್ಲಾಕ್ (ಸದ್ದಿನಲ್ಲಿ ಏನೂ ಕಳೆಯದ ಫೈಲು) ಅಂತ ಹೆಸರಿಟ್ಟ ಮಾತ್ರಕ್ಕೆ ಫ್ಲಾಕ್ ಅಲ್ಲ, ಯಾವ ಕಂಪನಾಂಕ ಎಷ್ಟಿದೆ ಅಂತ ತೋರಿಸುವ ಚಿತ್ರ, ಸ್ಪೆಕ್ಟ್ರೋಗ್ರಾಮಿನಲ್ಲಿ ನೋಡು. ಕ್ಯಾಸೆಟ್ಟಿನ ಮೇಲಿನ ಸ್ವರಗಳು ಮೆಲ್ಲಗೆ ಕರಗುತ್ತವೆ. 16 ಕಿಲೋಹರ್ಟ್ಸ್ ಹತ್ತಿರ ಚಾಕುವಲ್ಲಿ ಕೊಯ್ದಂತೆ ನಿಂತಿದ್ದರೆ, ಅದು ನಡುವೆ ಎಲ್ಲೋ ಎಂಪಿತ್ರೀ ಆಗಿ ಬಂದ ಮಾಲು.

ವೇಗ ಇನ್ನೊಂದು ತಲೆನೋವು. ಪ್ರತಿ ಮಾಡುವಾಗ ಮೂಲ ಟೇಪನ್ನು ನುಡಿಸಿದ ಟೇಪ್ ಡೆಕ್ಕು ಶೇ. 6ರಷ್ಟು ಜೋರು ಓಡಿದ್ದರೆ ಶ್ರುತಿ ಅರ್ಧ ಮನೆ ಏರುತ್ತದೆ, ತಂಡದ ಹಾಡುಗಾರ, ಗಿಟಾರಿಸ್ಟ್ ಜೆರ್ರಿ ಗಾರ್ಸಿಯಾ ಹುಡುಗನಾಗುತ್ತಾನೆ. ಹಾಡಿನ ಶ್ರುತಿ ನೋಡಿ ತಿದ್ದಲು ಹೋಗಬೇಡ, ಅವತ್ತು ಅವರೇ ಎಲ್ಲಿಗೆ ಕಟ್ಟಿಕೊಂಡಿದ್ದರೋ. ಹಾಡುಗಳ ನಡುವಿನ ಮೌನದಲ್ಲಿ ಕರೆಂಟಿನ ಗುಂಯ್ ಹುಡುಕು. ಅಮೆರಿಕದಲ್ಲಿ ಅದು 60 ಹರ್ಟ್ಸ್; 63.6 ಅಂತ ಕಂಡರೆ ಸುಮಾರು ಶೇ. 5.7 ಇಳಿಸು. 60 ಮತ್ತು 63.6 ಎರಡೂ ಕಂಡರೆ ಒಂದು ಮೂಲದ್ದು, ಇನ್ನೊಂದು ಆಮೇಲೆ ಪ್ರತಿ ಮಾಡಿದವನ ಮನೆಯದ್ದು. ಏರಿರುವುದೇ ಹಳೆಯದು.

ಜನರ ಮಧ್ಯದಿಂದ ಟೇಪರುಗಳು (ಕಛೇರಿ ರೆಕಾರ್ಡು ಮಾಡಿಕೊಳ್ಳುತ್ತಿದ್ದ ಅಭಿಮಾನಿಗಳು) ಹಿಡಿದದ್ದನ್ನೂ ಬಿಡಬೇಡ. 1984ರಿಂದ ಅವರಿಗೆ ಮಿಕ್ಸಿಂಗ್ ಬೋರ್ಡಿನ ಹಿಂದೆ ಜಾಗವನ್ನೇ ಬಿಟ್ಟುಕೊಟ್ಟರು. ಬೋರ್ಡಿನ ಟೇಪಿಗೆ ಇದನ್ನು ಬೆರೆಸಿದರೆ ‘ಮ್ಯಾಟ್ರಿಕ್ಸ್’. ಮೈಕು ವೇದಿಕೆಯಿಂದ 30 ಮೀಟರ್ ದೂರ ಇದ್ದರೆ ಸದ್ದು ಅಲ್ಲಿಗೆ ಮುಟ್ಟಲು ಸುಮಾರು 87 ಮಿಲಿಸೆಕೆಂಡ್ ಬೇಕು. ಅಷ್ಟು ಹಿಂದಕ್ಕೆ ಎಳೆಯದಿದ್ದರೆ ಪ್ರತಿ ಪೆಟ್ಟೂ ಎರಡೆರಡು. ಒಮ್ಮೆ ಕೂಡಿಸಿದರೆ ಮುಗಿಯಿತು ಅಂದುಕೊಳ್ಳಬೇಡ. ಎರಡು ಡೆಕ್ಕುಗಳ ವೇಗದಲ್ಲಿ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಇದ್ದರೂ ಆ 26 ನಿಮಿಷದ ಕೊನೆಗೆ ಒಂದೂವರೆ ಸೆಕೆಂಡ್ ಆಚೀಚೆ. ಸಣ್ಣ ಸಣ್ಣ ತುಂಡು ಮಾಡಿ ಕೂಡಿಸಬೇಕು. ತುಂಡು ಡ್ರಮ್ಮಿನ ಪೆಟ್ಟಿನ ಮೇಲೆ ಬೀಳಲಿ, ಉದ್ದ ಸ್ವರದ ಮೇಲೆ ಬಿದ್ದರೆ ಹೊಲಿಗೆ ಕೇಳಿಸುತ್ತದೆ.

ಈ ಹೊಲಿಗೆ ವಿಚಾರ ಬರೆಯುವಾಗಲೇ ನೋಡು ಸಿಕ್ಕಿಬಿದ್ದದ್ದು. ಬಾರ್ಟನ್ ಹಾಲ್‌ನ ‘ಮಾರ್ನಿಂಗ್ ಡ್ಯೂ’ ನನ್ನ ಹತ್ತಿರ ಆರು ಪ್ರತಿ ಇದೆ. ಆರರದ್ದೂ ಮೊದಲ ಎರಡು ನಿಮಿಷ ಬಾಯಿಪಾಠ. ಯಾವುದರಲ್ಲಿ ಟೇಪಿನ ಹಿಸ್ಸು ಎಷ್ಟು, ಎಡ ಚಾನೆಲ್ಲು ಎಲ್ಲಿ ಕುಸಿಯುತ್ತದೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಕೊನೆಯವರೆಗೆ ಕೇಳಿ ಎಷ್ಟು ವರ್ಷವಾಯಿತೋ ನೆನಪಿಲ್ಲ. ಅಣುಬಾಂಬು ಬಿದ್ದ ಮೇಲೆ ಉಳಿದ ಇಬ್ಬರ ಮಾತು ಕಣೋ ಆ ಹಾಡು. ನಾನು ಅಲ್ಲಿ ಕೂತು ಹಿಸ್ಸು ಅಳೆಯುತ್ತಿದ್ದೇನೆ. 2024ರ ಅಕ್ಟೋಬರಿನಲ್ಲಿ ಲೆಶ್ ಹೋದ ಸುದ್ದಿ ಬಂದಾಗ ಮಾಡಿದ್ದೂ ಅಷ್ಟೇ, ಒಂದು ಟೇಪಿನ ಬಾಸನ್ನು 2 ಡೆಸಿಬಲ್ ಏರಿಸಿದ್ದು. ಆಮೇಲೆ ಅದನ್ನೂ ಕೇಳಲಿಲ್ಲ. ಕೇಳಿದರೆ ಮುಗಿದುಹೋಗುತ್ತದೆ. ತಿದ್ದುತ್ತಾ ಇದ್ದರೆ ಮುಗಿಯುವುದಿಲ್ಲವಲ್ಲ.

ಇದನ್ನು ಬರೆಯುವ ಉದ್ದೇಶ ಇರಲಿಲ್ಲ. ಅಳಿಸಿದರೆ ನೀನು ಫೋನ್ ಮಾಡಿ ಯಾಕೆ ಅಳಿಸಿದೆ ಅಂತ ಕೇಳುತ್ತೀಯ, ಅದು ಇನ್ನೂ ಕಷ್ಟ. ಇರಲಿ. ಹಾರ್ಡ್‌ಡಿಸ್ಕಿಗೆ ಒಂದು ಶಾಂತಿ ಮಾಡಿಸಿದರಾಯ್ತು, ಭಟ್ಟರ ದಕ್ಷಿಣೆ ನಿನ್ನದು.

ಬಾರ್ಟನ್ ಹಾಲ್‌ನ 2017ರ ಅಧಿಕೃತ ಪ್ರತಿಯನ್ನೇ ತಗೋ. ವೇಗ ಗೀಗ ನೋಡಬೇಡ, ಸ್ಪೆಕ್ಟ್ರೋಗ್ರಾಮಂತೂ ತೆರೆಯಲೇಬೇಡ. ‘ಮಾರ್ನಿಂಗ್ ಡ್ಯೂ’ ಕೊನೆಯಲ್ಲಿ ಗಾರ್ಸಿಯಾ ಏನು ಮಾಡಿದ ಅಂತ ಕೇಳಿ ನನಗೂ ಒಂದು ಸಾಲು ಬರಿ. ಎಡ ಚಾನೆಲ್ಲಿನಲ್ಲಿ ಏನಾದರೂ ಟಿಕ್ ಅಂದರೆ ನಿಮಿಷ ಸೆಕೆಂಡು ಗುರುತು ಹಾಕಿಕೊಂಡಿರು.

ನಿನ್ನ
ಎರಡನೇ ಸೆಟ್ ಭಟ್ಟ